ಕುಟುಂಬ ವೈದ್ಯರ ಆಯ್ಕೆ ಮತ್ತು ವರ್ಷದ ತಪಾಸಣೆ: ಗಡಿ ಜಿಲ್ಲೆಯ ವರ್ತಕರ ಗಮನಕ್ಕೆ

ವರ್ತಕರ ವರ್ಷವೆಂದರೆ ದಿನಾಂಕಗಳ ಸರಮಾಲೆ. ಮಾಸಿಕ ವಿವರ ಸಲ್ಲಿಸುವವರಿಗೆ ಪ್ರತಿ ತಿಂಗಳ 20ರಂದು ಜಿಎಸ್‌ಟಿ, ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ, ಲಾರಿಗೆ ಅರ್ಹತಾ ಪತ್ರ, ಅಂಗಡಿಯ ಪರವಾನಗಿ ನವೀಕರಣ, ಬ್ಯಾಂಕಿಗೆ ದಾಸ್ತಾನು ಪಟ್ಟಿ, ಮಾರ್ಚ್ 31ಕ್ಕೆ ಲೆಕ್ಕಗಳ ಮುಕ್ತಾಯ. ಇವುಗಳಲ್ಲಿ ಯಾವುದು ತಪ್ಪಿದರೂ ದಂಡ ಅಥವಾ ಬಡ್ಡಿ ತೆರಬೇಕಾದುದರಿಂದ ಯಾರೂ ಮರೆಯುವುದಿಲ್ಲ. ಆದರೆ ಅಂಗಡಿಯ ಮಾಲೀಕರ ರಕ್ತದೊತ್ತಡ ಅಳೆಯಿಸಲು ಕೊನೆಯ ದಿನಾಂಕವೆಂಬುದಿಲ್ಲ, ಯಾವ ಇಲಾಖೆಯೂ ಅದಕ್ಕಾಗಿ ನೋಟಿಸು ಕಳುಹಿಸುವುದಿಲ್ಲ. ಆದುದರಿಂದಲೇ ಅದು ವರ್ಷದಿಂದ ವರ್ಷಕ್ಕೆ ಮುಂದೂಡಲ್ಪಡುತ್ತದೆ.

ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ವ್ಯಾಪಾರ ವಹಿವಾಟಿನ ಬಹುಪಾಲು ಏಕಮಾಲೀಕತ್ವದ ಅಂಗಡಿಗಳು, ಅರಿಶಿನ ಮಂಡಿಗಳು, ಅಕ್ಕಿ ಗಿರಣಿಗಳು, ಕಪ್ಪು ಶಿಲೆಯ ಪಾಲಿಷ್ ಘಟಕಗಳು, ಚೆಂಡು ಹೂವು ಮತ್ತು ತರಕಾರಿ ಸಾಗಣೆಯವರ ಕೈಯಲ್ಲಿದೆ. ಇಂತಹ ಸಂಸ್ಥೆಗಳಲ್ಲಿ ಯಾರಿಗೆ ಎಷ್ಟು ಉದ್ರಿ ಕೊಟ್ಟಿದೆ, ಕೇರಳದ ಯಾವ ಖರೀದಿದಾರರಿಂದ ಹಣ ಬರಬೇಕಾಗಿದೆ, ಯಾವ ರೈತರಿಗೆ ಮುಂಗಡ ಹೋಗಿದೆ ಎಂಬುದು ಬಹುಮಟ್ಟಿಗೆ ಒಬ್ಬರ ತಲೆಯಲ್ಲಿಯೇ ಇರುತ್ತದೆ. ಅವರು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದರೆ ಕಿರ್ದಿ ಪುಸ್ತಕ ಮಾತ್ರವಲ್ಲ, ವ್ಯಾಪಾರವೂ ನಿಲ್ಲುತ್ತದೆ. ಪಾಲುದಾರಿಕೆಯ ಸಂಸ್ಥೆಯಾದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಪಾಲುದಾರರೊಬ್ಬರ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆಂದು 1932ರ ಪಾಲುದಾರಿಕೆ ಕಾಯ್ದೆ ಹೇಳುತ್ತದೆ. ಮಾಲೀಕರ ಆರೋಗ್ಯವು ಮನೆಯ ವಿಷಯವೆನ್ನುವುದು ಸರಿಯೇ. ಆದರೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ.

ಮೈಸೂರಿಗೆ ಓಡುವ ರೂಢಿ

ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರ್. ದೊಡ್ಡ ಕಾಯಿಲೆಯೆಂದರೆ ಮೈಸೂರು ಎಂಬ ಭಾವನೆ ಇಲ್ಲಿ ತಲೆಮಾರುಗಳಿಂದ ಬೇರೂರಿದೆ, ಅದಕ್ಕೆ ಕಾರಣಗಳೂ ಇದ್ದವು. ಈ ಪ್ರದೇಶವು 1997ರವರೆಗೆ ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು. ತಜ್ಞ ವೈದ್ಯರೆಲ್ಲರೂ ಅಲ್ಲಿಯೇ ಇದ್ದರು. ತೊಂದರೆಯಿರುವುದು ಮೈಸೂರಿಗೆ ಹೋಗುವುದರಲ್ಲಿ ಅಲ್ಲ. ಆರೋಗ್ಯವಾಗಿರುವಾಗ ಊರಿನ ಯಾವ ವೈದ್ಯರಿಗೂ ಮುಖ ತೋರಿಸದೆ, ಎದೆ ಹಿಡಿದುಕೊಂಡಾಗ ಮಾತ್ರ ನೇರವಾಗಿ ಮೈಸೂರಿನ ಅಪರಿಚಿತ ತಜ್ಞರ ಮುಂದೆ ಕೂರುವುದರಲ್ಲಿ ತೊಂದರೆಯಿದೆ. ಆ ತಜ್ಞರಿಗೆ ರೋಗಿಯ ಹಳೆಯ ವೃತ್ತಾಂತ ತಿಳಿಯದು. ಎರಡು ವರ್ಷದ ಹಿಂದೆ ರಕ್ತದೊತ್ತಡ ಎಷ್ಟಿತ್ತು, ತಂದೆ ಯಾವ ಕಾಯಿಲೆಯಿಂದ ತೀರಿಕೊಂಡರು, ಯಾವ ಮಾತ್ರೆ ಒಗ್ಗಲಿಲ್ಲ ಎಂಬ ಪ್ರಶ್ನೆಗಳಿಗೆ ಜೊತೆಯಲ್ಲಿ ಬಂದ ಮಗನೂ ಉತ್ತರಿಸಲಾರ. ಎಲ್ಲ ಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ, ಬಿಲ್ಲೂ ಹಾಗೆಯೇ.

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದು ಅನೇಕರಿಗೆ ನೆನಪಿರಬಹುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದಾಗಲೂ ರಾಜ್ಯದ ಹೃದ್ರೋಗ ಆಸ್ಪತ್ರೆಗಳಲ್ಲಿ ಇದೇ ನೂಕುನುಗ್ಗಲು ಕಂಡುಬಂದಿತ್ತು. ಹಾಸನದ ಪ್ರಕರಣಗಳನ್ನು ಪರಿಶೀಲಿಸಿದ ತಜ್ಞರ ಸಮಿತಿಯು ಅಸಹಜವಾದ ಏರಿಕೆ ಇಲ್ಲವೆಂದು ವರದಿ ನೀಡಿತು. ಮೃತರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನದಂತಹ ಅಪಾಯದ ಅಂಶಗಳು ಮೊದಲೇ ಇದ್ದವೆಂಬುದು ಹೊರಬಂದಿತು. ಇವೆಲ್ಲವೂ ಊರಿನ ವೈದ್ಯರು ತಮ್ಮ ಮೇಜಿನ ಮುಂದೆಯೇ, ಹತ್ತು ನಿಮಿಷದಲ್ಲಿ ಕಂಡುಹಿಡಿಯಬಲ್ಲ ಸಂಗತಿಗಳು. ಭಯದಿಂದ ನಿಂತ ಸಾಲು ಭಯ ಇಳಿದೊಡನೆ ಕರಗಿಹೋಗುತ್ತದೆ, ಮರುವರ್ಷ ಅದೇ ದಿನ ಅವರಲ್ಲಿ ಎಷ್ಟು ಮಂದಿ ಮತ್ತೆ ತಪಾಸಣೆಗೆ ಹೋಗುತ್ತಾರೆ?

ಇದೇ ಜಿಲ್ಲೆಯ ನಿದರ್ಶನ

ನಿರಂತರವಾಗಿ ಒಂದೇ ಜನಸಮೂಹವನ್ನು ನೋಡಿಕೊಳ್ಳುವ ವೈದ್ಯರಿಂದ ಏನಾಗಬಹುದು ಎಂಬುದಕ್ಕೆ ಹೊರದೇಶದ ಉದಾಹರಣೆ ಬೇಕಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆಯೇ ನೆಲೆಸಿದರು. ಅವರ ಕೆಲಸ ರೋಗ ಬಂದ ಮೇಲೆ ಔಷಧ ಕೊಡುವುದಕ್ಕೆ ಸೀಮಿತವಾಗಲಿಲ್ಲ. ಪೋಡುಗಳಿಗೆ ಹೋಗಿ ಮನೆಮನೆಯನ್ನೂ ಬಲ್ಲವರಾದರು, ಸೋಲಿಗ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ಕೊಡಿಸಿದರು. 1986ರಲ್ಲಿ ಅವರು ಆರಂಭಿಸಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ನಿಯಂತ್ರಣವನ್ನು ಕೈಗೆತ್ತಿಕೊಂಡಿತು. ಆ ದಿನಗಳಲ್ಲಿ ಅಲ್ಲಿ ಸಾವಿರ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಕುಷ್ಠವಿತ್ತು. 2005ರ ವೇಳೆಗೆ ಅದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆಯಾಯಿತು. 1996ರಲ್ಲಿ ಅದೇ ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರ ಟ್ರಸ್ಟಿಗೆ ವಹಿಸಿತು. ಬೆಟ್ಟದ ಬಡವರಿಗೆ ಲಭ್ಯವಾದ ಈ ವ್ಯವಸ್ಥೆ, ಅಂದರೆ ತಮ್ಮನ್ನು ಹೆಸರು ಹಿಡಿದು ಬಲ್ಲ ವೈದ್ಯರು, ಪೇಟೆಬೀದಿಯ ಸ್ಥಿತಿವಂತ ವರ್ತಕರಲ್ಲಿ ಅನೇಕರಿಗೆ ಇಲ್ಲವೆಂಬುದು ವಿಚಿತ್ರವಾದರೂ ನಿಜ.

ಹಿಂದೆ ಹೀಗಿರಲಿಲ್ಲ. ಪೇಟೆಯ ವೈದ್ಯರು ಗಾಜಿನ ಸೀಸೆಗೆ ಕಾಗದದ ಪಟ್ಟಿ ಅಂಟಿಸಿ ಔಷಧದ ಅಳತೆ ಗುರುತು ಮಾಡಿಕೊಡುತ್ತಿದ್ದ ಕಾಲದಲ್ಲಿ, ಅಜ್ಜನಿಂದ ಮೊಮ್ಮಗನವರೆಗೆ ಮೂರು ತಲೆಮಾರಿನ ಮೈಗುಣ ಅವರಿಗೆ ಗೊತ್ತಿರುತ್ತಿತ್ತು. ಆ ವೈದ್ಯರು ವಯಸ್ಸಾಗಿ ಚಿಕಿತ್ಸಾಲಯ ಮುಚ್ಚಿದಾಗ ಬಹಳಷ್ಟು ಕುಟುಂಬಗಳು ಅವರ ಸ್ಥಾನದಲ್ಲಿ ಇನ್ನೊಬ್ಬರನ್ನು ಹುಡುಕಿಕೊಳ್ಳಲಿಲ್ಲ. ಔಷಧ ಅಂಗಡಿಯೇ ವೈದ್ಯರ ಜಾಗ ಹಿಡಿಯಿತು.

ಆಯ್ಕೆಯಲ್ಲಿ ನೋಡಬೇಕಾದುದು

ಕುಟುಂಬ ವೈದ್ಯರೆಂದರೆ ದೊಡ್ಡ ಪದವಿಗಳ ಸಾಲು ಇರುವವರೇ ಆಗಬೇಕೆಂದಿಲ್ಲ. ಎಂಬಿಬಿಎಸ್ ಪಡೆದು ದೀರ್ಘ ಅನುಭವವಿರುವವರು, ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಎಂಡಿ ಅಥವಾ ಕುಟುಂಬ ವೈದ್ಯಶಾಸ್ತ್ರದಲ್ಲಿ ಡಿಎನ್‌ಬಿ ಮಾಡಿದವರು, ಯಾರಾದರೂ ಸರಿಯೇ. ಮೊದಲು ನೋಡಬೇಕಾದುದು ನೋಂದಣಿ. ಆಧುನಿಕ ವೈದ್ಯ ಪದ್ಧತಿಯವರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು. ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಜಿಎಸ್‌ಟಿ ಸಂಖ್ಯೆ ನೋಡದೆ ಸರಕು ಕೊಳ್ಳದ ವರ್ತಕರು ಈ ಸಂಖ್ಯೆಯನ್ನೂ ನೋಡುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಎರಡನೆಯದು ಸಾಮೀಪ್ಯ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಎಂಟಕ್ಕೆ ಸಿಗುವ, ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿರುವ ವೈದ್ಯರು, ತಿಂಗಳ ಮೊದಲೇ ಸಮಯ ಕೇಳಬೇಕಾದ ಪ್ರಖ್ಯಾತರಿಗಿಂತ ಈ ಕೆಲಸಕ್ಕೆ ಹೆಚ್ಚು ಅನುಕೂಲ. ಸ್ಥಳೀಯ ತಿಳಿವಳಿಕೆಯೂ ಸಣ್ಣ ಮಾತಲ್ಲ. 2012ರ ಕೊನೆಯಲ್ಲಿ ಬಂಡೀಪುರದ ಅರಣ್ಯದಲ್ಲಿ ಮಂಗಗಳು ಸತ್ತ ನಂತರ ಅರಣ್ಯ ಸಿಬ್ಬಂದಿಯಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ದೃಢಪಟ್ಟಿತ್ತು. ಕಾಡಂಚಿನ ಹಳ್ಳಿಗಳಿಗೆ ಸರಕು ಹಾಕಿ ಬರುವ ವ್ಯಾಪಾರಿಗೆ ಜ್ವರ ಬಂದಾಗ, ಹೋದ ವಾರ ಎಲ್ಲೆಲ್ಲಿ ಓಡಾಡಿದ್ದಿರಿ ಎಂದು ಕೇಳುವ ವೈದ್ಯರು ಬೇಕು.

ಮೂರನೆಯದು ಮಾತು. ಮಾತ್ರೆ ಬರೆಯುವ ಮೊದಲು ಪ್ರಶ್ನೆ ಕೇಳುತ್ತಾರೆಯೇ? ಬರೆದ ಮಾತ್ರೆ ಏತಕ್ಕೆಂದು ಕನ್ನಡದಲ್ಲಿ ತಿಳಿಸುತ್ತಾರೆಯೇ? ತಮಗೆ ಮೀರಿದ್ದೆನಿಸಿದಾಗ ಇಂಥವರಲ್ಲಿಗೆ ಹೋಗಿ ಎಂದು ಪತ್ರ ಬರೆದುಕೊಡುತ್ತಾರೆಯೇ? ನೆಗಡಿಗೂ ಚುಚ್ಚುಮದ್ದು ಕೊಡುವವರೇ ಒಳ್ಳೆಯ ವೈದ್ಯರೆಂಬ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ, ಅದು ಹೋಗಬೇಕಾಗಿದೆ.

ನಾಲ್ಕನೆಯ ಸಂಗತಿ ವರ್ತಕರಿಗೆ ಬೇಗ ಅರ್ಥವಾಗುವಂಥದು: ದಲ್ಲಾಳಿ. ಮಂಡಿಯಲ್ಲಿ ದಲ್ಲಾಳಿಗೆ ಕಮಿಷನ್ ನ್ಯಾಯವಾದುದು. ವೈದ್ಯವೃತ್ತಿಯಲ್ಲಿ ರೋಗಿಯನ್ನು ಪ್ರಯೋಗಾಲಯಕ್ಕೋ ಮತ್ತೊಂದು ಆಸ್ಪತ್ರೆಗೋ ಕಳುಹಿಸಿದ್ದಕ್ಕಾಗಿ ಕಮಿಷನ್ ಪಡೆಯುವುದನ್ನು 2002ರ ವೃತ್ತಿನಡತೆ ನಿಯಮಗಳು ನಿಷೇಧಿಸಿವೆ. ಒಂದೇ ಪ್ರಯೋಗಾಲಯದ ಹೆಸರನ್ನು ಒತ್ತಾಯಿಸಿದಾಗ ಕಾರಣ ಕೇಳುವ ಹಕ್ಕು ರೋಗಿಗಿದೆ. ಅದೇ ನಿಯಮಗಳಂತೆ, ರೋಗಿ ಕೇಳಿದಲ್ಲಿ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಒದಗಿಸಬೇಕು. ಈ ವಿಷಯ ಬಲ್ಲವರು ಕಡಿಮೆ.

ಸರ್ಕಾರಿ ವ್ಯವಸ್ಥೆಯನ್ನು ವರ್ತಕರು ಪೂರ್ತಿಯಾಗಿ ಬದಿಗಿಡುವುದೂ ಸರಿಯಲ್ಲ. ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾಯಿತು. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಹತ್ತಿರದ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಯನ್ನು ಉಚಿತವಾಗಿ ನಡೆಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಇದರಲ್ಲಿ ಬಡವ ಬಲ್ಲಿದನೆಂಬ ಭೇದವಿಲ್ಲ.

ಯಾವ ತಪಾಸಣೆ, ಯಾರಿಗೆ

ಎಂಬತ್ತು ಪರೀಕ್ಷೆಗಳಿಗೆ ರಿಯಾಯಿತಿ ದರವೆಂದು ಪ್ರಯೋಗಾಲಯಗಳು ಹಂಚುವ ಕರಪತ್ರಗಳು ಈಗ ಎಲ್ಲ ಪೇಟೆಗಳಲ್ಲಿಯೂ ಕಾಣಸಿಗುತ್ತವೆ. ಸಗಟು ಕೊಂಡರೆ ಅಗ್ಗವೆಂಬುದು ವ್ಯಾಪಾರದ ನ್ಯಾಯವೇ ಹೊರತು ದೇಹದ ನ್ಯಾಯವಲ್ಲ. ಬೇಡದ ಪರೀಕ್ಷೆಗಳಲ್ಲಿ ಒಂದಾದರೂ ಅಂಕಿ ಗೆರೆ ದಾಟಿಯೇ ದಾಟುತ್ತದೆ, ಅದರ ಬೆನ್ನು ಹತ್ತಿ ಮತ್ತಷ್ಟು ಖರ್ಚು ಮತ್ತು ಆತಂಕ. ವೈದ್ಯರು ವಯಸ್ಸು, ಉದ್ಯೋಗ ಮತ್ತು ಮನೆತನದ ಕಾಯಿಲೆಗಳನ್ನು ನೋಡಿ ಹೇಳುವ ಎಂಟು ಹತ್ತು ಪರೀಕ್ಷೆಗಳೇ ಸಾಕು.

ನಲವತ್ತು ದಾಟಿದ ಸಾಮಾನ್ಯ ವರ್ತಕರಿಗೆ ವರ್ಷಕ್ಕೊಮ್ಮೆ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಇಷ್ಟು ಮೂಲಭೂತವಾದುವು. ಇಸಿಜಿ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಗಲ್ಲಾಪೆಟ್ಟಿಗೆಯ ಮುಂದೆ ದಿನಕ್ಕೆ ಹತ್ತು ಗಂಟೆ ಕುಳಿತಿರುವವರ ವಿಷಯದಲ್ಲಿ ಅತ್ಯಂತ ಅಗ್ಗದ ಸಾಧನ ದರ್ಜಿಯ ಟೇಪು: ಭಾರತೀಯ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಿದ ಸೊಂಟದ ಸುತ್ತಳತೆ ಎಚ್ಚರಿಕೆಯ ಗಂಟೆ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದಂತೆ. 126 ಅಥವಾ ಅದಕ್ಕೂ ಹೆಚ್ಚಿನ ಅಂಕಿ ಮರುಪರೀಕ್ಷೆಯಲ್ಲಿಯೂ ಬಂದರೆ ಮಧುಮೇಹವೆಂದೇ ಗಣನೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಈ ಗೆರೆ ಶೇಕಡ 6.5. ಹೊಸ್ತಿಲಿನಲ್ಲಿರುವವರು ನಡಿಗೆ ಮತ್ತು ಊಟದ ಹಿಡಿತದಿಂದ ಹಿಂದಿರುಗುವ ಅವಕಾಶವಿದೆ. ಆ ಅವಕಾಶ ತಿಳಿಯುವುದೇ ತಪಾಸಣೆಯಿಂದ. ಮಧುಮೇಹ ಈಗಾಗಲೇ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ ಮತ್ತು ಪಾದಗಳ ಪರೀಕ್ಷೆ ಮಾಡಿಸಬೇಕು. ಇದನ್ನು ಬಿಟ್ಟವರೇ ಹೆಚ್ಚು.

ಉದ್ಯೋಗಕ್ಕೆ ತಕ್ಕ ಅಪಾಯಗಳೂ ಇವೆ. ಕಪ್ಪು ಶಿಲೆಯನ್ನು ಕೊಯ್ಯುವ ಮತ್ತು ಉಜ್ಜುವ ಘಟಕಗಳಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ತರಬಲ್ಲದು. ಒಮ್ಮೆ ಬಂದ ಮೇಲೆ ಹಿಂದಕ್ಕೆ ಹೋಗದ ಕಾಯಿಲೆ ಅದು, ಕ್ಷಯರೋಗವನ್ನೂ ಸುಲಭವಾಗಿ ಕರೆತರುತ್ತದೆ. ನೀರು ಹಾಯಿಸಿ ಕೊಯ್ಯುವುದು, ಸರಿಯಾದ ಮುಖಗವಸು, ಕಾಲಕಾಲಕ್ಕೆ ಎದೆಯ ಕ್ಷಕಿರಣ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಇವು ಇಲ್ಲಿ ಅನಿವಾರ್ಯ. ಮಾಲೀಕರು ಕಚೇರಿಯಲ್ಲಿ ಕುಳಿತಿದ್ದರೂ ಧೂಳಿಗೆ ಗೋಡೆಯ ಭೇದವಿಲ್ಲ. ಅಕ್ಕಿ ಗಿರಣಿ ಮತ್ತು ಅರಿಶಿನ ಪುಡಿ ಮಾಡುವವರಿಗೂ ದಮ್ಮಿನ ತೊಂದರೆಯ ಬಗ್ಗೆ ಎಚ್ಚರ ಬೇಕು. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಭ್ಯಾಸವಿರುವವರು ಬಾಯಿಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತೋರಿಸಲು ತಡಮಾಡಬಾರದು.

ಎದೆನೋವಿನ ಸಂದರ್ಭವನ್ನು ಪ್ರತ್ಯೇಕವಾಗಿ ಹೇಳಬೇಕು. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಿ, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಿದೆ. ಕಾರು ಹತ್ತಿ ಒಂದು ಗಂಟೆಗೂ ಹೆಚ್ಚು ಕಾಲ ಮೈಸೂರಿನ ದಾರಿಯಲ್ಲಿರುವುದಕ್ಕಿಂತ ಮೊದಲು ಊರಿನಲ್ಲಿಯೇ ಇಸಿಜಿ ಆಗುವುದು ಜೀವ ಉಳಿಸಬಹುದು. ತಮ್ಮ ಊರಿನ ಆಸ್ಪತ್ರೆಯಲ್ಲಿ ರಾತ್ರಿ ವೇಳೆ ಇದು ದೊರೆಯುವುದೇ ಎಂಬುದನ್ನು ಕುಟುಂಬ ವೈದ್ಯರಲ್ಲಿ ಇಂದೇ ವಿಚಾರಿಸಿಟ್ಟುಕೊಳ್ಳಬಹುದು.

ಖರ್ಚು, ತೆರಿಗೆ ಮತ್ತು ವಿಮೆ

ಮಾಲೀಕರು ತಮ್ಮ ಸ್ವಂತ ತಪಾಸಣೆಯ ಬಿಲ್ಲನ್ನು ಅಂಗಡಿಯ ಖರ್ಚಿಗೆ ಬರೆಯುವಂತಿಲ್ಲ. ಅದು ಸ್ವಂತಕ್ಕೆ ಹಿಂತೆಗೆದ ಹಣ. ಕೆಲಸಗಾರರ ತಪಾಸಣೆಯ ವೆಚ್ಚ ಮಾತ್ರ ವ್ಯಾಪಾರದ ಖರ್ಚು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿ ಎಂದು ಬಹುಕಾಲ ಪರಿಚಿತವಾದ ಕಡಿತವಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಕಲಂ ಸಂಖ್ಯೆಗಳು ಬದಲಾಗಿರುವುದನ್ನು ಗಮನಿಸಬೇಕು. ಆರೋಗ್ಯ ವಿಮೆಯ ಕಂತಿಗೆ ದೊರೆಯುವ 25,000 ರೂಪಾಯಿಗಳ ಮಿತಿಯೊಳಗೆ, ಹಿರಿಯ ನಾಗರಿಕರಾದರೆ 50,000 ರೂಪಾಯಿಗಳೊಳಗೆ, ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿಗಳವರೆಗೆ ಅವಕಾಶವಿದೆ. ವಿಮೆಯ ಕಂತನ್ನು ನಗದಾಗಿ ಕಟ್ಟಿದರೆ ಕಡಿತವಿಲ್ಲ, ತಪಾಸಣೆಯ ಶುಲ್ಕವನ್ನು ನಗದಾಗಿ ಕೊಟ್ಟರೂ ಇದೆ. ಹೊಸ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಕಡಿತವೇ ಇಲ್ಲ. ಹಾಗೆಂದು ತಪಾಸಣೆ ಬಿಡುವುದು, ಕೆಲವು ನೂರು ರೂಪಾಯಿಗಳ ತೆರಿಗೆಯ ಲೆಕ್ಕದಲ್ಲಿ ಮುಖ್ಯ ಲೆಕ್ಕವನ್ನೇ ಮರೆತಂತೆ.

ತಪಾಸಣೆಯನ್ನು ಮುಂದೂಡುವ ವರ್ತಕರ ಮನಸ್ಸಿನಲ್ಲಿ ಇನ್ನೊಂದು ಭಯವಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಸಕ್ಕರೆ ಕಾಯಿಲೆ ಇದೆಯೆಂದು ಒಮ್ಮೆ ಕಾಗದದ ಮೇಲೆ ಬಂದರೆ ವಿಮೆ ಸಿಗುವುದಿಲ್ಲ, ಆದುದರಿಂದ ಮೊದಲು ವಿಮೆ ಮಾಡಿಸಿ ಆಮೇಲೆ ನೋಡೋಣ ಎಂಬ ಯೋಚನೆ ಅದು. ಈ ಲೆಕ್ಕ ತಪ್ಪು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ನಿರಂತರವಾಗಿ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ವಿಷಯ ತಿಳಿಸಲಿಲ್ಲವೆಂಬ ಕಾರಣಕ್ಕೆ ಕ್ಲೇಮನ್ನು ನಿರಾಕರಿಸುವಂತಿಲ್ಲವೆಂದೂ ವಿಧಿಸಿತು. ಅಂದರೆ ಇದ್ದುದನ್ನು ಇದ್ದಂತೆ ಬರೆದು ಇಂದು ಪಾಲಿಸಿ ಪಡೆದವರಿಗೆ ಹೆಚ್ಚೆಂದರೆ ಮೂರು ವರ್ಷದ ಕಾಯುವಿಕೆ. ಮುಚ್ಚಿಟ್ಟವರಿಗೆ, ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವಾಗ ಕ್ಲೇಮು ತಿರಸ್ಕೃತವಾಗುವ ಅಪಾಯ. ಮರೆಮಾಚಿದ ಕಾಯಿಲೆ ಆ ಅವಧಿಯಲ್ಲಿ ಸುಮ್ಮನೆ ಇರುವುದೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ರದ್ದಾಗಿರುವುದು ಇಲ್ಲಿ ಪ್ರಸ್ತುತ. ಗುಂಪು ಪಾಲಿಸಿಗಳಿಗೆ ಈ ವಿನಾಯಿತಿ ಇಲ್ಲ.

ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಂತಹ ಕಡೆ ಘಟಕ ನಡೆಸುವವರು ಕೆಲಸಗಾರರ ವಿಷಯವನ್ನೂ ನೋಡಬೇಕಾಗುತ್ತದೆ. ಇಎಸ್‌ಐ ಅನ್ವಯಿಸುವ ಘಟಕಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಮಾಲೀಕರು ಶೇಕಡ 3.25, ಕೆಲಸಗಾರರು ಶೇಕಡ 0.75 ವಂತಿಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದರ ವೈದ್ಯಕೀಯ ಸೌಲಭ್ಯವನ್ನು ಬಳಸಿಕೊಳ್ಳುವಂತೆ ಹೇಳುವ ಮಾಲೀಕರು ವಿರಳ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ವಾರ್ಷಿಕ ಉಚಿತ ಆರೋಗ್ಯ ತಪಾಸಣೆಗೆ ಅವಕಾಶ ಕಲ್ಪಿಸಲಾಗಿದ್ದು, 40 ವರ್ಷ ಮೀರಿದ ಕಾರ್ಮಿಕರಿಗೆ ಇದು ಅನ್ವಯವೆಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ನಿಯಮಗಳ ವಿವರವನ್ನು ಘಟಕಗಳು ತಮ್ಮ ಸಲಹೆಗಾರರಿಂದ ತಿಳಿದುಕೊಳ್ಳುವುದು ಒಳಿತು.

ಕಡತ ಮತ್ತು ಕಾಲ

ಕುಟುಂಬದ ಪ್ರತಿಯೊಬ್ಬರಿಗೂ ಒಂದು ಕಡತವಿರಲಿ. ಮೊದಲ ಪುಟದಲ್ಲಿ ರಕ್ತದ ಗುಂಪು, ಒಗ್ಗದ ಔಷಧಗಳು, ಈಗ ಸೇವಿಸುತ್ತಿರುವ ಮಾತ್ರೆಗಳು, ತಂದೆ ತಾಯಿಯರ ಕಾಯಿಲೆಗಳು. ಅನಂತರ ವರ್ಷವಾರು ವರದಿಗಳು. ಖತಾವಣಿಯಲ್ಲಿ ಒಂದು ವರ್ಷದ ಅಂಕಿಗಿಂತ ಐದು ವರ್ಷಗಳ ಅಂಕಿಗಳು ಹೆಚ್ಚು ಮಾತನಾಡುವಂತೆ, ಮೂರು ವರ್ಷಗಳಲ್ಲಿ 92ರಿಂದ 99ಕ್ಕೆ, ಅಲ್ಲಿಂದ 108ಕ್ಕೆ ಏರಿದ ಸಕ್ಕರೆಯ ಅಂಕಿ ವೈದ್ಯರಿಗೆ ಹೇಳುವ ಕಥೆಯನ್ನು ಒಂಟಿ ವರದಿ ಹೇಳಲಾರದು. ಇಂತಹ ಕಡತ ಮನೆಯ ಯಜಮಾನರಿಗೆ ಇದ್ದು ಗೃಹಿಣಿಗೆ ಇಲ್ಲದಿರುವುದು ಸಾಮಾನ್ಯವಾಗಿ ಕಾಣುವ ಲೋಪ. ಮೂವತ್ತು ದಾಟಿದ ಮಹಿಳೆಯರಿಗೆ ಗರ್ಭಕಂಠ ಮತ್ತು ಸ್ತನದ ತಪಾಸಣೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು, ರಕ್ತಹೀನತೆಯನ್ನಂತೂ ಪ್ರತಿ ವರ್ಷವೂ ನೋಡಬೇಕು. ಅಂಗಡಿಯ ಲೆಕ್ಕದಲ್ಲಿ ಕಾಣದಿದ್ದರೂ ಅನೇಕ ವ್ಯಾಪಾರಗಳನ್ನು ಹಿಂದಿನಿಂದ ನಡೆಸುತ್ತಿರುವವರು ಅವರೇ.

ವರ್ಷದ ಯಾವ ತಿಂಗಳಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಜನವರಿಯಿಂದ ಅರಿಶಿನದ ಕಾಲ, ಮಾರ್ಚಿಯಲ್ಲಿ ಲೆಕ್ಕದ ಒತ್ತಡ, ಶ್ರಾವಣದಿಂದ ದೀಪಾವಳಿಯವರೆಗೆ ಹಬ್ಬದ ವ್ಯಾಪಾರ. ಮದುವೆ ಮುಂಜಿಗಳಿಲ್ಲದ ಆಷಾಢದಲ್ಲಿ ಬಟ್ಟೆ, ಪಾತ್ರೆ, ಚಿನ್ನಬೆಳ್ಳಿಯ ಅಂಗಡಿಗಳು ಬಿಡುವಾಗಿರುತ್ತವೆ. ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ರಥೋತ್ಸವ ನಡೆಯುವುದೂ ಆಷಾಢದಲ್ಲಿಯೇ, ಹೊರಊರುಗಳಲ್ಲಿರುವ ಮಕ್ಕಳು ಸೊಸೆಯರು ಬಂದು ಸೇರುವ ಕಾಲವೂ ಅದೇ. ತೇರು ಮುಗಿದ ವಾರದಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿಯದೆ ಮನೆಯವರೆಲ್ಲರೂ ರಕ್ತದ ಮಾದರಿ ಕೊಟ್ಟು ಬಂದು, ಸಂಜೆ ವರದಿಗಳೊಂದಿಗೆ ವೈದ್ಯರನ್ನು ಕಂಡರೆ ಎರಡು ತಾಸಿನ ಕೆಲಸ. ಚೆಂಡು ಹೂವಿನ ವ್ಯಾಪಾರದವರಿಗೆ ಮಾತ್ರ ಓಣಂ ಮುಗಿಯುವವರೆಗೆ ಪುರಸೊತ್ತು ಸಿಗುವುದಿಲ್ಲ. ಅವರು ತೇರಿನ ಬದಲು ಓಣಂ ಮರುವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಬಹುದು.